ಶೇ 65 ನೂರಾದ ತೀರ್ಪನ್ನು ಓದಿ

ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಾಗಿನಿಂದ ಗ್ರಾಚ್ಯುಟಿ, ಗಿಗ್ ಕಾರ್ಮಿಕರು, ವೇತನದ ಹೊಸ ವ್ಯಾಖ್ಯೆ, ಇವುಗಳ ಮೇಲೆ ಪುಟಗಟ್ಟಲೆ ಬರಹ ಬಂದಿದೆ. ಕೆಲಸದ ಹೊತ್ತಿನಲ್ಲಿ ಕೈಯನ್ನೋ ಕಾಲನ್ನೋ ಕಳೆದುಕೊಂಡ ನಗರಸಭೆ, ಪುರಸಭೆಗಳ ಕಾರ್ಮಿಕರ ಅರ್ಜಿಯನ್ನು ಯಾವ ಅಳತೆಗೋಲಿನಲ್ಲಿ ತೀರ್ಮಾನಿಸಬೇಕು ಎಂಬ ಬಗ್ಗೆ ಮಾತ್ರ ಚರ್ಚೆ ಕಾಣಲಿಲ್ಲ. 1923ರ ನೌಕರರ ಪರಿಹಾರ ಕಾಯ್ದೆ, 1948ರ ಇಎಸ್‌ಐ ಕಾಯ್ದೆ ಎರಡೂ ಈಗ ಈ ಸಂಹಿತೆಯೊಳಗೆ ಸೇರಿವೆ. ಕಾಯ್ದೆಯ ಹೆಸರು ಬದಲಾಗಿದೆ, ಯಾವ ಗಾಯಕ್ಕೆ ಶೇಕಡಾ ಎಷ್ಟು ನಷ್ಟ ಎಂದು ಹೇಳುವ ಗಾಯಗಳ ಪಟ್ಟಿ ಮಾತ್ರ ಹಳೆಯದೇ ಉಳಿದಿದೆ. ಆ ಪಟ್ಟಿಯನ್ನು ಓದುವ ತಪ್ಪು ಕ್ರಮವೂ ಅದರ ಜೊತೆಗೇ ಮುಂದುವರಿದಿದೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ವೈದ್ಯಕೀಯ ಮಂಡಳಿ ಕೊಡುವ ಶೇಕಡಾವಾರನ್ನೇ ಪರಿಹಾರದ ಶೇಕಡಾವಾರು ಎಂದು ಬರೆದುಕೊಳ್ಳುವುದು ಕಾನೂನಿಗೆ ವಿರುದ್ಧ. ಕಾನೂನು ಅಳೆಯಲು ಹೇಳಿರುವುದು ಗಳಿಕೆಯ ಸಾಮರ್ಥ್ಯವನ್ನು. ಅಂಗ ಎಷ್ಟು ಹೋಯಿತು ಎಂದು ವೈದ್ಯರು ಹೇಳಬಲ್ಲರು. ದುಡಿಮೆ ಎಷ್ಟು ಹೋಯಿತು ಎಂಬುದನ್ನು ಆ ಕೆಲಸವನ್ನು ನೋಡಿಯೇ ಹೇಳಬೇಕು. ಉಡುಪಿ ನಗರಸಭೆ, ಕಾಪು ಮತ್ತು ಕಾರ್ಕಳ ಪುರಸಭೆಗಳ ಪೌರಕಾರ್ಮಿಕರಿಗೆ ಈ ವ್ಯತ್ಯಾಸ ಲಕ್ಷಗಟ್ಟಲೆ ರೂಪಾಯಿಯದು.

ಲೆಕ್ಕ ನೋಡೋಣ. ಕಸದ ಲಾರಿಯ 40 ವರ್ಷದ ಒಬ್ಬ ಲೋಡರ್‌ನ ಬಲಗೈಯ ನಾಲ್ಕು ಬೆರಳು ಕಾಂಪ್ಯಾಕ್ಟರ್‌ಗೆ ಸಿಕ್ಕಿ ಹೋಯಿತು ಎಂದಿಟ್ಟುಕೊಳ್ಳಿ. ಪಟ್ಟಿಯ ಪ್ರಕಾರ ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ 50. ಪರಿಹಾರಕ್ಕೆ ಪರಿಗಣಿಸುವ ಮಾಸಿಕ ವೇತನ 2020ರ ಜನವರಿಯ ಅಧಿಸೂಚನೆಯಂತೆ ಗರಿಷ್ಠ 15,000 ರೂ. ಅದರ ಶೇ 60 ಎಂದರೆ 9,000 ರೂ. 40ನೇ ವಯಸ್ಸಿನ ಗುಣಕ 184.17. ಸಂಪೂರ್ಣ ಅಂಗವೈಕಲ್ಯ ಎಂದಾದರೆ 16,57,530 ರೂ. ಸಿಗುತ್ತದೆ. ಶೇ 50 ಎಂದಾದರೆ 8,28,765 ರೂ. ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ ಇಡಿಗಂಟಿನ ಬದಲು ಜೀವನಪರ್ಯಂತ ಮಾಸಿಕ ಪಾವತಿ. 18,000 ರೂ. ಸಂಬಳಕ್ಕೆ ದಿನಗೂಲಿಯ ಶೇ 90ರ ದರದಲ್ಲಿ, ಶೇ 50ಕ್ಕೆ ತಿಂಗಳಿಗೆ ಸುಮಾರು 8,100 ರೂ., ನೂರಕ್ಕೆ 16,200 ರೂ. ಒಂದೇ ಕೈ, ಒಂದೇ ಗಾಯ. ಕಡತದಲ್ಲಿ ಬರೆಯುವ ಒಂದು ಅಂಕಿ ಆ ಮನೆಯ ಅರ್ಧ ಬದುಕನ್ನು ಕತ್ತರಿಸುತ್ತದೆ.

ಈಗ ಆ ಕೆಲಸವನ್ನು ಹತ್ತಿರದಿಂದ ನೋಡಿ. ಬೆಳಿಗ್ಗೆ ಹಾಜರಾತಿ ಹಾಕಿ ಲಾರಿ ಹತ್ತಿದರೆ ಮಣಿಪಾಲದ ಹಾಸ್ಟೆಲ್, ಪಿಜಿ, ಹೋಟೆಲ್‌ಗಳ ಮುಂದೆ ಸಾಲಾಗಿ ಚೀಲಗಳು. ತುಂಬಿದ ಚೀಲವನ್ನು ಎತ್ತುವಾಗ ನಾಲ್ಕು ಬೆರಳು ಅದರ ಕುತ್ತಿಗೆಯನ್ನು ಸುತ್ತಿ ಬಿಗಿಯಬೇಕು, ಹೆಬ್ಬೆರಳು ಮೇಲಿಂದ ಒತ್ತಬೇಕು, ಇನ್ನೊಂದು ಕೈ ಅಡಿಗೆ ಹೋಗಬೇಕು. ಆಟಿಯ ಮಳೆಯಲ್ಲಿ ಹಸಿಕಸವೂ ಬೊಂಡದ ಚಿಪ್ಪುಗಳೂ ನೀರು ಕುಡಿದು ಭಾರ ಎರಡು ಪಾಲಾಗುತ್ತದೆ. ಲಾರಿ ಮುಂದೆ ಹೊರಟಾಗ ಹಿಂದಿನ ಸರಳನ್ನು ಹಿಡಿದು ನಿಲ್ಲಬೇಕು. ಈ ಕೆಲಸಗಳಲ್ಲಿ ಒಂದನ್ನಾದರೂ ಬೆರಳಿಲ್ಲದ ಕೈ ಅರ್ಧದಷ್ಟು ಮಾಡುತ್ತದೆಯೇ? ಅರ್ಧ ಚೀಲ ಎತ್ತುವವನನ್ನು ಯಾವ ಗುತ್ತಿಗೆದಾರ ಅರ್ಧ ಸಂಬಳಕ್ಕೆ ಇಟ್ಟುಕೊಳ್ಳುತ್ತಾನೆ? ಇಂಥವನಿಗೆ ಉಳಿದಿರುವುದು ಶೇ 50 ಗಳಿಕೆ ಎಂದು ಬರೆಯುವವರು ಆ ಗಳಿಕೆ ಎಲ್ಲಿದೆ ಎಂದು ತೋರಿಸಬೇಕು.

ಇದು ನನ್ನ ವಾದವಷ್ಟೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಸುಪ್ರೀಂ ಕೋರ್ಟು ಇದನ್ನು ಅರ್ಧ ಶತಮಾನದ ಹಿಂದೆಯೇ ಇತ್ಯರ್ಥ ಮಾಡಿದೆ. ಒಡಿಶಾದ ಜೇಪುರದ ಚಿತ್ರಮಂದಿರವೊಂದರಲ್ಲಿ 1968ರಲ್ಲಿ ಕೆಲಸ ಮಾಡುತ್ತಿದ್ದಾಗ ಬಿದ್ದ ಬಡಗಿಯೊಬ್ಬರ ಎಡಗೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಯಿತು. ಒಂದೇ ಕೈಯಿಂದ ಬಡಗಿ ಕೆಲಸ ಸಾಧ್ಯವಿಲ್ಲ, ಆದ್ದರಿಂದ ಇದು ಸಂಪೂರ್ಣ ಅಂಗವೈಕಲ್ಯ ಎಂದು ಪರಿಹಾರ ಆಯುಕ್ತರು ತೀರ್ಮಾನಿಸಿದರು. ಮಾಲೀಕ ಸುಪ್ರೀಂ ಕೋರ್ಟಿನವರೆಗೂ ಹೋದ. ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣ ಎಂದು ವಕೀಲರೆಲ್ಲ ಬಲ್ಲ ಆ ತೀರ್ಪಿನಲ್ಲಿ, 1975ರ ಡಿಸೆಂಬರ್‌ನಲ್ಲಿ, ನಾಲ್ವರು ನ್ಯಾಯಮೂರ್ತಿಗಳ ಪೀಠ ಆಯುಕ್ತರ ಆದೇಶವನ್ನೇ ಎತ್ತಿಹಿಡಿಯಿತು. ಅಪಘಾತದ ಹೊತ್ತಿಗೆ ಆ ವ್ಯಕ್ತಿ ಮಾಡಬಲ್ಲವನಾಗಿದ್ದ ಕೆಲಸ ಇನ್ನು ಅವನಿಂದ ಆಗುತ್ತದೆಯೇ ಎಂಬುದೇ ಪ್ರಶ್ನೆ ಎಂದಿತು. ಪರಿಹಾರದ ಹೊಣೆ ಅಪಘಾತದ ದಿನದಿಂದಲೇ ಶುರು, ಆಯುಕ್ತರು ಆದೇಶ ಬರೆದ ದಿನದಿಂದಲ್ಲ ಎಂದೂ ಹೇಳಿತು.

ದೂರದ ಒಡಿಶಾ ಬೇಡವೆಂದರೆ ಘಟ್ಟದ ಮೇಲಿನ ಶಿವಮೊಗ್ಗಕ್ಕೆ ಬನ್ನಿ. ಆಯನೂರಿನಿಂದ ಶಿವಮೊಗ್ಗದ ಕಡೆ ಬರುತ್ತಿದ್ದ ಟ್ಯಾಂಕರ್ ಚಾಲಕರೊಬ್ಬರು ಅಪಘಾತದಲ್ಲಿ ಬಲಗಾಲನ್ನು ಮೊಣಕಾಲಿನವರೆಗೆ ಕಳೆದುಕೊಂಡರು. ಆಯುಕ್ತರು ನೂರಕ್ಕೆ ನೂರು ಎಂದರು. ವೈದ್ಯರು ಹೇಳಿದ್ದು ಶೇ 65, ಹಾಗಾಗಿ ಪರಿಹಾರವೂ ಶೇ 65 ಎಂದು ನಮ್ಮ ಹೈಕೋರ್ಟು ಅದನ್ನು ಇಳಿಸಿತು. ಬಡಗಿಯ ಪ್ರಕರಣವನ್ನೇ ಆಧರಿಸಿ ಸುಪ್ರೀಂ ಕೋರ್ಟು 2008ರಲ್ಲಿ ಮತ್ತೆ ನೂರಕ್ಕೆ ಏರಿಸಿತು. ಬಲಗಾಲಿಲ್ಲದವನು ಶೇ 35ರಷ್ಟು ಟ್ಯಾಂಕರ್ ಓಡಿಸಲಾರ. ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವೇ? ಅದೂ ಕರ್ನಾಟಕದ ಪ್ರಕರಣ, ಕರ್ನಾಟಕದ ಕಾರ್ಮಿಕ, ವೈದ್ಯರ ಶೇಕಡಾವಾರನ್ನೇ ಪರಿಹಾರದ ಶೇಕಡಾವಾರು ಮಾಡಿದ ಅದೇ ತಪ್ಪಿನ ತಿದ್ದುಪಡಿ. ಪೌರಕಾರ್ಮಿಕರ ಕಲ್ಯಾಣದ ಬಗ್ಗೆ ಇಷ್ಟೆಲ್ಲ ಮಾತು ನಡೆಯುವಾಗ ಈ ಒಂದು ತೀರ್ಪನ್ನು ಯಾರೂ ಎತ್ತದಿರುವುದು ನನಗೆ ಅರ್ಥವಾಗುತ್ತಿಲ್ಲ.

ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದು ಗುಟ್ಟೇನಲ್ಲ. ಜಿಲ್ಲಾಸ್ಪತ್ರೆಯ ಮಂಡಳಿ ಕೊಡುವ ಅಂಗವೈಕಲ್ಯ ಪ್ರಮಾಣಪತ್ರದ ನಮೂನೆಯನ್ನು ತೆಗೆದು ನೋಡಿ. ಹೆಸರು, ವಯಸ್ಸು, ವಿಳಾಸ, ರೋಗನಿರ್ಣಯ, ದೇಹದ ಯಾವ ಭಾಗಕ್ಕೆ ಸಂಬಂಧಿಸಿ ಶೇಕಡಾ ಎಷ್ಟು, ಇಷ್ಟೇ ಅದರಲ್ಲಿ ಇರುವುದು. ಅರ್ಜಿದಾರರ ಉದ್ಯೋಗ ಏನು ಎಂಬ ಕಾಲಮ್ಮೇ ಇಲ್ಲ. ಇರಬೇಕಾಗಿಯೂ ಇಲ್ಲ, ಏಕೆಂದರೆ ಆ ಪತ್ರ ಮೀಸಲಾತಿಗೆ, ಬಸ್ ಪಾಸಿಗೆ, ಮಾಸಾಶನಕ್ಕೆ ಎಂದು ರೂಪಿಸಿದ್ದು. ವೈದ್ಯರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿರುತ್ತಾರೆ. ಆ ಅಂಕಿಯನ್ನು ಎತ್ತಿ ಪರಿಹಾರದ ಗುಣಾಕಾರಕ್ಕೆ ಹಾಕುವವರು ತಪ್ಪುತ್ತಾರೆ. ಬೆನ್ನುಮೂಳೆಯ ನೋವು, ಜಾರಿದ ಡಿಸ್ಕ್, ಭುಜದ ಸವೆತಗಳಂತೂ ಪಟ್ಟಿಯಲ್ಲೇ ಇಲ್ಲ. ವರ್ಷಗಟ್ಟಲೆ ಭಾರ ಎತ್ತಿದವರಿಗೆ ಬರುವುದು ಹೆಚ್ಚಾಗಿ ಇವೇ. ಅಲ್ಲಿ ಪ್ರಮಾಣಪತ್ರದ ಸಣ್ಣ ಅಂಕಿಯೊಂದೇ ಕೊನೆಯ ಮಾತಾದರೆ ಅರ್ಜಿ ಸತ್ತಂತೆಯೇ.

ಇದಕ್ಕೆ ಎದುರಾಗಿ ಬರುವ ವಾದ ನನಗೆ ಗೊತ್ತು. ಪಟ್ಟಿಯನ್ನು ಸಡಿಲಿಸಿದರೆ ಎಲ್ಲರೂ ನೂರು ಕೇಳುತ್ತಾರೆ, ಸುಳ್ಳು ಅರ್ಜಿಗಳು ಬರುತ್ತವೆ, ಸ್ಥಳೀಯ ಸಂಸ್ಥೆಗಳ ಬೊಕ್ಕಸ ಬರಿದಾಗುತ್ತದೆ. ಉತ್ತರ 2010ರ ರಾಜ್‌ಕುಮಾರ್ ಪ್ರಕರಣದಲ್ಲಿದೆ. ಎಡಗೈ ಹೋದ ಚಾಲಕನಿಗೋ ಬಡಗಿಗೋ ಗಳಿಕೆಯ ನಷ್ಟ ಹೆಚ್ಚುಕಡಿಮೆ ನೂರು. ಅದೇ ಎಡಗೈ ಹೋದ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು, ನಷ್ಟವೂ ಅಷ್ಟಿರುವುದಿಲ್ಲ ಎಂದು ಸುಪ್ರೀಂ ಕೋರ್ಟು ಅಲ್ಲಿ ವಿವರಿಸಿತು. ಅಂಗದ ಶೇಕಡಾವಾರನ್ನು ಇಡೀ ದೇಹದ್ದೆಂದು ಉಬ್ಬಿಸಿ ಹೇಳುವ ಸಾಕ್ಷ್ಯದ ವಿರುದ್ಧವೂ ಅದೇ ತೀರ್ಪು ಎಚ್ಚರಿಸಿದೆ. ಅಂದರೆ ಕೆಲಸವನ್ನು ನೋಡಿ ಅಳೆಯುವ ಕ್ರಮ ಎರಡೂ ಕಡೆ ಕೆಲಸ ಮಾಡುತ್ತದೆ. ನಿಜವಾಗಿ ದುಡಿಮೆ ಕಳೆದುಕೊಂಡವರಿಗೆ ಪೂರ್ತಿ ಕೊಡುತ್ತದೆ, ಕಳೆದುಕೊಳ್ಳದವರಿಗೆ ಕಡಿಮೆ ಮಾಡುತ್ತದೆ. ಸುಳ್ಳು ಅರ್ಜಿಯ ಭಯ ಇರುವವರು ಈ ಕ್ರಮವನ್ನು ಮೊದಲು ಬೆಂಬಲಿಸಬೇಕು.

ಕೈಗವಸು ಹಾಕಿರಲಿಲ್ಲ ಎಂಬ ಇನ್ನೊಂದು ಆಕ್ಷೇಪವನ್ನೂ ಇಲ್ಲಿಗೇ ಮುಗಿಸೋಣ. ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದಿದ್ದರೆ ಮಾತ್ರ ಮಾಲೀಕನಿಗೆ ಆ ರಕ್ಷಣೆ. ಸಾವು ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯ ಆಗಿದ್ದರೆ ಅದೂ ಇಲ್ಲ. ಗುತ್ತಿಗೆದಾರನ ಆಳು, ನಮಗೆ ಸಂಬಂಧವಿಲ್ಲ ಎಂಬುದೂ ನಡೆಯದು. ಪ್ರಧಾನ ಮಾಲೀಕ ಮೊದಲು ಪರಿಹಾರ ಕೊಟ್ಟು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂಬುದು 1923ರಿಂದಲೂ ಇರುವ ತತ್ವ.

ಕಾಯಂ ಆದರಲ್ಲ, ಇನ್ನೇನು ಚಿಂತೆ ಎನ್ನುವವರಿಗೆ ಒಂದು ಮಾತು. 2022ರ ಜುಲೈ ಮುಷ್ಕರದ ನಂತರ ರಾಜ್ಯ ಸರ್ಕಾರ 11,133 ಪೌರಕಾರ್ಮಿಕರನ್ನು ಕಾಯಂ ಮಾಡಲು ಒಪ್ಪಿದ್ದು ಹೋರಾಟದ ದೊಡ್ಡ ಗೆಲುವು. ಆದರೆ ಇಎಸ್‌ಐ ವೇತನ ಮಿತಿ 21,000 ರೂ. ಏಳನೇ ವೇತನ ಆಯೋಗದ ನಂತರ ರಾಜ್ಯದ ಕನಿಷ್ಠ ಮೂಲ ವೇತನ 27,000 ರೂ. ಆ ಶ್ರೇಣಿಗೆ ಬಂದವರು ಇಎಸ್‌ಐನ ಜೀವನಪರ್ಯಂತದ ಮಾಸಿಕ ಪಾವತಿಯಿಂದ ಹೊರಬೀಳುತ್ತಾರೆ. 2006ರ ಏಪ್ರಿಲ್ 1ರ ನಂತರ ಸರ್ಕಾರಿ ಸೇವೆಗೆ ಸೇರಿದವರಿಗೆ ಇರುವ ಎನ್‌ಪಿಎಸ್ ಪಿಂಚಣಿ ಕೂಡಿಟ್ಟ ಮೊತ್ತಕ್ಕೆ ಕಟ್ಟುಬಿದ್ದದ್ದು. ನಲವತ್ತೈದು ದಾಟಿದ ಮೇಲೆ ಕಾಯಂ ಆದವರ ಖಾತೆಯಲ್ಲಿ ಏನು ಕೂಡಿರುತ್ತದೆ? ಪರಿಹಾರ ಕಾಯ್ದೆಯ ಲೆಕ್ಕದಲ್ಲಾದರೂ ನಿಜವಾದ ವೇತನ ಸಿಗುತ್ತದೆಯೇ ಎಂದರೆ ಅದೂ 15,000ಕ್ಕೇ ನಿಲ್ಲುತ್ತದೆ. 27,000ದ ಮೇಲೆ ಲೆಕ್ಕ ಹಾಕಿದರೆ ನಮ್ಮ 40 ವರ್ಷದ ಕಾರ್ಮಿಕನಿಗೆ ಬರಬೇಕಾದ್ದು 29,83,554 ರೂ. ಈ ಮಿತಿಯನ್ನು ಸಂಸತ್ತಿಗೆ ಹೋಗದೆ ಒಂದು ಅಧಿಸೂಚನೆಯಿಂದಲೇ ಏರಿಸಬಹುದು.

ಕಾಯಂ ನೌಕರರಿಗೆ ಇರುವ ನಿಜವಾದ ಆಸರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್‌ನ 4ನೇ ಉಪಸೆಕ್ಷನ್. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದವರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ವೇತನದಲ್ಲಿ ಬೇರೆ ಹುದ್ದೆ ಕೊಡಬೇಕು. ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಉಳಿಸಿಕೊಳ್ಳಬೇಕು. ಸ್ಥಳೀಯ ಸಂಸ್ಥೆಗಳೂ ಇದರ ವ್ಯಾಪ್ತಿಯಲ್ಲಿವೆ. ಲಾರಿಯ ಹಿಂದೆ ನಿಲ್ಲುವ ಹೊರಗುತ್ತಿಗೆಯ ಲೋಡರ್‌ನ ಹೆಸರೇ ಕಚೇರಿಯ ವೇತನಪಟ್ಟಿಯಲ್ಲಿ ಇಲ್ಲದಿರುವಾಗ ಈ ಆಸರೆ ಅವರನ್ನು ಮುಟ್ಟುವುದಿಲ್ಲ. ಅಂಥವರಿಗೆ ಉಳಿಯುವುದು ಆ ಒಂದು ಶೇಕಡಾವಾರು ಮಾತ್ರ. ಅದಕ್ಕೇ ನಾನು ಅದನ್ನೇ ಹಿಡಿದು ನಿಂತಿರುವುದು.

ಕಣ್ಣಿಗೆ ಕಾಣದ ಗಾಯದ ಮಾತೂ ಇದೆ. ಇಲಿ ಜ್ವರ ಉಡುಪಿ ಜಿಲ್ಲೆಗೆ ಹೊಸದಲ್ಲ. ಮಳೆಗಾಲದಲ್ಲಿ ತೋಡು, ಚರಂಡಿಗೆ ಇಳಿಯುವ ಕಾಲಿನ ಸಣ್ಣ ಗಾಯ ಸಾಕು. ತೀವ್ರವಾದರೆ ಮೂತ್ರಪಿಂಡ, ಯಕೃತ್ತಿಗೆ ಹೊಡೆತ. ಸೋಂಕಿನ ವಿಶೇಷ ಅಪಾಯವಿರುವ ಕೆಲಸದಿಂದ ಬರುವ ಸಾಂಕ್ರಾಮಿಕ ರೋಗಗಳು ವೃತ್ತಿರೋಗಗಳ ಪಟ್ಟಿಯಲ್ಲಿವೆ. ಆದರೆ ಇದು ಚರಂಡಿಯಿಂದಲೇ ಬಂತು, ಮನೆಯ ಹಿಂದಿನ ಗದ್ದೆಯಿಂದ ಬರಲಿಲ್ಲ ಎಂದು ಕಾರ್ಮಿಕ ಹೇಗೆ ರುಜುವಾತು ಮಾಡಬೇಕು? ಸೈನಿಕರ ವಿಷಯದಲ್ಲಿ ಸುಪ್ರೀಂ ಕೋರ್ಟು 2013ರ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ದಾರಿ ತೋರಿಸಿದೆ. ಸೇರುವಾಗ ಆರೋಗ್ಯವಾಗಿದ್ದವರಿಗೆ ಮುಂದೆ ಬಂದ ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಹಾಗಲ್ಲ ಎಂದು ಸಾಧಿಸುವ ಹೊಣೆ ಮಾಲೀಕನದು. ಅಮೆರಿಕದ ಅನೇಕ ರಾಜ್ಯಗಳು ಅಗ್ನಿಶಾಮಕ ಸಿಬ್ಬಂದಿಯ ಹೃದ್ರೋಗ, ಕ್ಯಾನ್ಸರ್‌ಗೆ ಇದೇ ಬಗೆಯ ಪೂರ್ವಭಾವನೆಯನ್ನು ಕಾನೂನಿನಲ್ಲೇ ಬರೆದಿವೆ. ಮಳೆಗಾಲದಲ್ಲಿ ಚರಂಡಿಗೆ ಇಳಿದ ಪೌರಕಾರ್ಮಿಕರಿಗೆ ಬಂದ ಇಲಿ ಜ್ವರಕ್ಕೆ ರಾಜ್ಯ ಸರ್ಕಾರ ಅದನ್ನು ಬರೆಯಲು ಯಾವ ಅಡ್ಡಿ ಇದೆ?

ಒಳಚರಂಡಿಯ ವಿಷಯದಲ್ಲಿ ನ್ಯಾಯಾಲಯ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಾಗಿದೆ. 2023ರ ಅಕ್ಟೋಬರ್ 20ರ ಬಲರಾಮ್ ಸಿಂಗ್ ತೀರ್ಪು ಮ್ಯಾನ್‌ಹೋಲ್ ಸಾವಿಗೆ 30 ಲಕ್ಷ ರೂ. ನಿಗದಿ ಮಾಡಿತು. ಅಂಗವೈಕಲ್ಯಕ್ಕೆ ಕನಿಷ್ಠ 10 ಲಕ್ಷ, ಅದು ಶಾಶ್ವತವಾಗಿದ್ದು ವ್ಯಕ್ತಿಯನ್ನು ಆರ್ಥಿಕವಾಗಿ ಅಸಹಾಯಕ ಮಾಡಿದರೆ ಕನಿಷ್ಠ 20 ಲಕ್ಷ ಎಂದಿತು. ಗಮನಿಸಿ, ಅಲ್ಲಿಯೂ ಮಾನದಂಡ ಬೆರಳಿನ ಎಣಿಕೆಯಾಗಿರದೆ ಬದುಕುವ ಶಕ್ತಿಯಾಗಿದೆ. ಗುಂಡಿಯೊಳಗೆ ಗಾಯಗೊಂಡವರಿಗೆ ಒಂದು ನ್ಯಾಯ, ಗುಂಡಿಯ ಪಕ್ಕದಲ್ಲಿ ಲಾರಿಗೆ ಕಸ ತುಂಬುವಾಗ ಗಾಯಗೊಂಡವರಿಗೆ ಇನ್ನೊಂದು ನ್ಯಾಯ ಇರಕೂಡದು.

ಮಾಡಬೇಕಾದ್ದು ಕಷ್ಟದ್ದಲ್ಲ. ಉಡುಪಿಯ ಪೌರಾಯುಕ್ತರು, ಕಾಪು ಮತ್ತು ಕಾರ್ಕಳದ ಮುಖ್ಯಾಧಿಕಾರಿಗಳು ಬೆಂಗಳೂರಿನ ಆದೇಶಕ್ಕೆ ಕಾಯದೆ ಮಾಡಬಹುದಾದ ಮೂರು ಕೆಲಸಗಳಿವೆ. ಕಾಯಂ, ನೇರಪಾವತಿ, ಹೊರಗುತ್ತಿಗೆ ಎಂಬ ಭೇದವಿಲ್ಲದೆ ಪ್ರತಿ ಅಪಘಾತವನ್ನೂ ಅದೇ ದಿನ ದಾಖಲಿಸುವ ಪುಸ್ತಕ ಇಡಬೇಕು. ಕಾರ್ಮಿಕರನ್ನು ವೈದ್ಯಕೀಯ ಮಂಡಳಿಗೆ ಕಳಿಸುವಾಗ ಅವರು ಏನು ಎತ್ತುತ್ತಿದ್ದರು, ಏನು ಹಿಡಿಯುತ್ತಿದ್ದರು, ಎಷ್ಟು ಹೊತ್ತು ನಿಲ್ಲುತ್ತಿದ್ದರು ಎಂಬ ಒಂದು ಪುಟದ ಕೆಲಸದ ವಿವರಕ್ಕೆ ಆರೋಗ್ಯ ನಿರೀಕ್ಷಕರ ಸಹಿ ಹಾಕಿಸಿ ಜೊತೆಗಿಡಬೇಕು. ಪರಿಹಾರವನ್ನು ಒಂದು ತಿಂಗಳೊಳಗೆ ಠೇವಣಿ ಇಡಬೇಕು. ತಡವಾದರೆ ಶೇ 12 ಬಡ್ಡಿ, ಸಮರ್ಥನೆ ಇಲ್ಲದಿದ್ದರೆ ಶೇ 50ರವರೆಗೆ ದಂಡ ತೆರಬೇಕಾಗುತ್ತದೆ, ಆ ಹೊರೆ ಕೊನೆಗೆ ಬೀಳುವುದು ಊರವರ ತೆರಿಗೆಯ ಮೇಲೆ. ರಾಜ್ಯ ಸರ್ಕಾರ ಸಂಹಿತೆಯಡಿ ತನ್ನ ನಿಯಮಗಳನ್ನು ಬರೆಯುವಾಗ, ವೈದ್ಯಕೀಯ ಶೇಕಡಾವಾರು ಮತ್ತು ಗಳಿಕೆ ನಷ್ಟದ ಶೇಕಡಾವಾರು ಬೇರೆ ಬೇರೆ ಕಾಲಮ್ಮುಗಳಲ್ಲಿ ಇರಬೇಕು, ಎರಡನೆಯದಕ್ಕೆ ಕಾರಣ ಬರೆಯಲೇಬೇಕು ಎಂದು ಕಡ್ಡಾಯ ಮಾಡಲಿ. ಬಡಗಿಗೆ 1975ರಲ್ಲಿ, ಟ್ಯಾಂಕರ್ ಚಾಲಕರಿಗೆ 2008ರಲ್ಲಿ ಸಿಕ್ಕ ನ್ಯಾಯವನ್ನು ಪೌರಕಾರ್ಮಿಕರು ಸುಪ್ರೀಂ ಕೋರ್ಟಿನವರೆಗೆ ಹೋಗಿ ಮೂರನೇ ಸಲ ಗೆಲ್ಲಬೇಕಾದ ಅಗತ್ಯವಿಲ್ಲ. ಅದನ್ನು ಇಲ್ಲಿಯೇ, ಮೊದಲ ಅರ್ಜಿಯಲ್ಲೇ ಕೊಡಬೇಕು.