ಎಂಜಲೆಂಬ ಮಾತು, ವಾದಕರ ಉಸಿರು

1977ರಲ್ಲಿ ತೆರೆಕಂಡ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಕೇಳಿ ಕನ್ನಡಿಗರು ತಲೆದೂಗಿದರು. ಝುವಾರಿನಗರದಲ್ಲಿ ನೆಲೆನಿಂತ ಉತ್ತರ ಕರ್ನಾಟಕದ ಕುಟುಂಬಗಳಿಗೆ ಸನಾದಿಯು ತವರಿನ ದನಿ. ಗೋವೆಯ ಬ್ರಾಸ್ ಬ್ಯಾಂಡು ನೆಲೆಸಿದ ಊರಿನ ದನಿ. ಎರಡನ್ನೂ ಕೇಳಿ ಸುಖಿಸುವ ನಾವು ಅವನ್ನು ಊದುವವರ ಶ್ವಾಸಕೋಶದ ಬಗ್ಗೆ ಯೋಚಿಸಿದ್ದು ಕಡಿಮೆ. ವಾದ್ಯದ ಶುಚಿತ್ವವು ವಾದಕರೊಬ್ಬರ ಹೊಣೆಯಲ್ಲ. ಅವರನ್ನು ಕರೆಸುವವರ ಮತ್ತು ಕಲಿಸುವ ಸಂಸ್ಥೆಗಳ ಹೊಣೆಯೂ ಹೌದು.

ಊದುವ ವಾದ್ಯದೊಳಗೆ ಗಾಳಿಯೊಂದೇ ಹೋಗುವುದಿಲ್ಲ. ಉಸಿರಿನ ತೇವ, ಜೊಲ್ಲು, ಬಾಯಲ್ಲಿ ಉಳಿದ ಆಹಾರದ ಕಣಗಳು ಒಳಗೋಡೆಗೆ ಅಂಟಿಕೊಳ್ಳುತ್ತವೆ. ಒರೆಸದೆ ಪೆಟ್ಟಿಗೆಯಲ್ಲಿಟ್ಟರೆ ಅಲ್ಲಿ ಬೂಷ್ಟು ಬೆಳೆಯುತ್ತದೆ; ಗೋವೆಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಅಮೆರಿಕದ ಟ್ರಾಂಬೋನ್ ವಾದಕರೊಬ್ಬರ ಪ್ರಕರಣ 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಹದಿನೈದು ವರ್ಷ ಅವರನ್ನು ಕಾಡಿದ ಕೆಮ್ಮಿನ ಮೂಲ ವಾದ್ಯದೊಳಗಿನ ಸೂಕ್ಷ್ಮಜೀವಿಗಳೆಂದು ವೈದ್ಯರು ಗುರುತಿಸಿದರು. ವಾದ್ಯವನ್ನು ಶುಚಿಗೊಳಿಸಿದ ಮೇಲೆ ಅವರು ಚೇತರಿಸಿಕೊಂಡರು. ಇಂಗ್ಲೆಂಡಿನ ಬ್ಯಾಗ್‌ಪೈಪ್ ವಾದಕರೊಬ್ಬರಿಗೆ ಆ ಅದೃಷ್ಟವಿರಲಿಲ್ಲ. ವಾದ್ಯವನ್ನು ಮನೆಯಲ್ಲಿ ಬಿಟ್ಟು ಮೂರು ತಿಂಗಳು ಆಸ್ಟ್ರೇಲಿಯಾದಲ್ಲಿದ್ದಾಗ ಅವರ ಉಸಿರಾಟ ಸುಧಾರಿಸಿತ್ತು. ಆ ಸುಳಿವು ಸಿಕ್ಕಿ ಪರೀಕ್ಷಿಸಿದಾಗ ವಾದ್ಯದಲ್ಲಿ ಹಲವು ಬಗೆಯ ಶಿಲೀಂಧ್ರಗಳು ಕಂಡವು. ಆದರೆ ಶ್ವಾಸಕೋಶ ಆಗಲೇ ಹಾಳಾಗಿತ್ತು. 2014ರಲ್ಲಿ ಅವರು ತೀರಿಕೊಂಡರು. ಇಂಥ ಕಾಯಿಲೆ ಅಪರೂಪ, ನಿಜ. ತಡೆಯುವ ದಾರಿ ಸುಲಭವಾಗಿರುವಾಗ ಅಪರೂಪವೆಂಬುದು ನೆಪವಾಗಬಾರದು.

ಕನ್ನಡದ ವಿದ್ಯಾರ್ಥಿಗಳಾದ ನಾವು ‘ಎಂಜಲು’ ಎಂಬ ಪದವನ್ನು ಇಲ್ಲಿ ನೆನೆಯಬೇಕು. ಬಾಯಿಗೆ ತಾಗಿದ್ದು ಎಂಜಲೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಹಲವೆಡೆ ಊದುವ ವಾದ್ಯವನ್ನು ಕೆಲವೇ ಸಮುದಾಯಗಳಿಗೆ ಬಿಟ್ಟುಕೊಟ್ಟು, ಅವರನ್ನು ಚಪ್ಪರದ ಅಂಚಿನಲ್ಲಿ ಕೂರಿಸಿದ್ದುಂಟು. ಅಲ್ಲಿ ಎಂಜಲು ಮನುಷ್ಯನನ್ನು ದೂರವಿಡುವ ನೆಪವಾಯಿತೇ ಹೊರತು ಅವನ ಆರೋಗ್ಯವನ್ನು ಕಾಯುವ ಅರಿವಾಗಲಿಲ್ಲ. ಇನ್ನೊಬ್ಬರು ಕಚ್ಚಿ ಕುಡಿದ ಲೋಟವನ್ನು ಮುಟ್ಟದ ನಾವೇ ಬ್ಯಾಂಡಿನ ಅಭ್ಯಾಸದಲ್ಲಿ ಒಂದೇ ಮೌತ್‌ಪೀಸನ್ನು ಕೈಯಿಂದ ಕೈಗೆ ದಾಟಿಸುತ್ತೇವೆ!

ತೊಳೆದರೆ ನಾದ ಕೆಡುತ್ತದೆಂದು ಹಲವರು ಅಂಜುತ್ತಾರೆ. ಈ ಅಂಜಿಕೆ ಪೂರ್ತಿ ನಿರಾಧಾರವಲ್ಲ. ಮರದ ವಾದ್ಯವನ್ನು ನೀರಿನಲ್ಲಿ ಅದ್ದಿದರೆ ಅದು ಸೀಳಬಹುದು. ಕುದಿನೀರು ಎಬೊನೈಟ್ ಮೌತ್‌ಪೀಸಿನ ಆಕಾರವನ್ನೇ ಕೆಡಿಸೀತು. ಆದ್ದರಿಂದ ಬೇಕಾದದ್ದು ವಿವೇಕದ ಶುಚಿತ್ವ. ನುಡಿಸಿದ ಮೇಲೆ ಭಾಗಗಳನ್ನು ಬಿಚ್ಚಿ ಒಳಗಿನ ತೇವವನ್ನು ಮೆದು ಬಟ್ಟೆಯಿಂದ ಒರೆಸಬೇಕು. ಮೌತ್‌ಪೀಸನ್ನು ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆಯಬೇಕು. ಜೊಂಡಿನ ರೀಡನ್ನು ಗಾಳಿಗೆ ಒಣಗಿಸಿ ಎತ್ತಿಡಬೇಕು, ಯಾರೊಂದಿಗೂ ಹಂಚಿಕೊಳ್ಳಬಾರದು. ಕಾಲೇಜುಗಳು ವಾದ್ಯವನ್ನು ಹಂಚಿದರೂ ಮೌತ್‌ಪೀಸನ್ನು ಪ್ರತಿ ವಿದ್ಯಾರ್ಥಿಗೆ ಬೇರೆಯಾಗಿ ಕೊಡಬೇಕು. ಮದುವೆಗೆ ವಾದಕರನ್ನು ಕರೆಸುವವರು ಸಂಭಾವನೆಯ ಜೊತೆಗೆ ಕೂರಲು ನೆರಳು, ತೊಳೆಯಲು ನೀರು, ಒರೆಸಲು ಬಿಡುವನ್ನೂ ಕೊಡಬೇಕು.

ಖಂಡೇನವಮಿಯಂದು ವಾದ್ಯದ ಹೊರಮೈಗೆ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ವಾದಕರ ಉಸಿರು ಓಡಾಡುವುದು ಒಳಮೈಯಲ್ಲಿ. ಅದನ್ನು ದಿನವೂ ಶುಚಿಯಾಗಿಡುವುದೂ ಪೂಜೆಯೇ.