ಅಂಜನಾದ್ರಿಯ ಮಂಗವೂ ನಮ್ಮ ಬಾಳೆಹಣ್ಣೂ

ಕಳೆದ ಶನಿವಾರ ನಾವು ಅಂಜನಾದ್ರಿ ಬೆಟ್ಟಕ್ಕೆ ಹೋಗಿದ್ದೆವು. ಕೇವಲ ದೇವರ ದರ್ಶನಕ್ಕೆ ಹೋದೆವೆಂದರೆ ಅರ್ಧ ಸತ್ಯವಾದೀತು. ಬೆಟ್ಟದ ಮಂಗಗಳ ವಿಷಯವಾಗಿ ವಾಚಕರಿಂದ ಎರಡು ಬಗೆಯ ಮಾತು ಕೇಳಿಬರುತ್ತಿತ್ತು. "ಮಂಗಗಳ ಕಾಟ ಮಿತಿಮೀರಿದೆ, ಹಿಡಿಸಿ ಬೇರೆಡೆ ಬಿಡಿಸಿರಿ" ಎಂಬುದು ಒಂದು. "ಪಾಪ, ಹಸಿದ ಮೂಕಪ್ರಾಣಿಗಳು, ಯಾತ್ರಿಕರು ಇನ್ನಷ್ಟು ತಿನ್ನಿಸಲಿ" ಎಂಬುದು ಇನ್ನೊಂದು. ಕಣ್ಣಾರೆ ಕಂಡು ಮಾತಾಡುವುದು ಮೇಲೆಂದು ಹೊರಟೆವು. ಕಂಡದ್ದರಿಂದ ಎರಡೂ ಮಾತುಗಳು ತಪ್ಪೆಂದು ನಮಗೆ ಮನವರಿಕೆಯಾಯಿತು.

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುವ ಒಬ್ಬರು ಹೆಂಡತಿ ಮಕ್ಕಳೊಡನೆ ನಮ್ಮ ಮುಂದೆಯೇ ಮೆಟ್ಟಿಲು ಏರುತ್ತಿದ್ದರು. ಬೆಟ್ಟಕ್ಕೆ 575 ಮೆಟ್ಟಿಲುಗಳು. ಕೆಳಗೆ ಗಾಡಿಯಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡಿದ್ದರು. ಅರ್ಧ ದೇವರಿಗೆ, ಅರ್ಧ ದಾರಿಯಲ್ಲಿ ಸಿಕ್ಕುವ ಮಂಗಗಳಿಗೆ. ಅರ್ಧ ಬೆಟ್ಟ ಏರುವಷ್ಟರಲ್ಲಿ ಒಂದು ದೊಡ್ಡ ಗಂಡು ಮಂಗ ಬಂಡೆಯಿಂದಿಳಿದು ಎದುರಿಗೆ ಕುಳಿತಿತು. "ಕೊಡವ್ವಾ, ಹಣಮಪ್ಪ ಬಂದಾನ, ಒಂದು ಹಣ್ಣು ಕೊಡು" ಎಂದರು ತಂದೆ. ಏಳೆಂಟು ವರ್ಷದ ಮಗಳು ಕೈ ನೀಡಿದಳು. ಮಂಗ ಹಣ್ಣಿಗೆ ಕೈಹಾಕಲಿಲ್ಲ, ಚೀಲಕ್ಕೇ ಕೈಹಾಕಿತು. ಹುಡುಗಿ ಚೀಲ ಬಿಡಲಿಲ್ಲ. ಸುತ್ತಲಿನವರೆಲ್ಲ ನಕ್ಕರು, ಒಬ್ಬಿಬ್ಬರು ಫೋನು ಎತ್ತಿ ಚಿತ್ರ ಹಿಡಿದರು. ಆ ನಗೆಯಲ್ಲಿ ನಾವೂ ಇದ್ದೆವೆಂದು ಒಪ್ಪಿಕೊಳ್ಳಬೇಕು. ಹುಡುಗಿಯ ಮಣಿಕಟ್ಟಿನಲ್ಲಿ ರಕ್ತ ಕಂಡಮೇಲೆಯೇ ನಮ್ಮ ನಗೆ ನಿಂತದ್ದು.

ಆ ಸಂಸಾರ ದರ್ಶನವಿಲ್ಲದೆ ಕೆಳಗಿಳಿಯಿತು. ಮಂಗ ಕಚ್ಚಿ ರಕ್ತ ಬಂದರೆ ನಾಯಿ ಕಚ್ಚಿದಷ್ಟೇ ಎಚ್ಚರ ವಹಿಸಿ ರೇಬೀಸಿನ ಚುಚ್ಚುಮದ್ದು ಹಾಕಿಸಬೇಕೆಂಬುದು ವೈದ್ಯರ ನಿಯಮ. ಅದು ಒಂದೇ ಸಲಕ್ಕೆ ಮುಗಿಯುವ ಮದ್ದಲ್ಲ, ಹೇಳಿದ ದಿನಗಳಿಗೆ ಮತ್ತೆ ಮತ್ತೆ ಹೋಗಬೇಕು. ದಿನಗೂಲಿಯವನಿಗೆ ಆಸ್ಪತ್ರೆಯ ಸಾಲಿನಲ್ಲಿ ನಿಂತ ಪ್ರತಿಯೊಂದು ಹೊತ್ತೂ ಕೂಲಿಗೆ ಖೋತಾ. ಪ್ರಸಂಗವಶಾತ್ ಒಂದು ಮಾತು: ಕಚ್ಚಿದ ಗಾಯಕ್ಕೆ ಸುಣ್ಣ, ಅರಿಷಿಣ, ಖಾರದ ಪುಡಿ ಮೆತ್ತುವ ರೂಢಿ ನಮ್ಮ ಕಡೆ ಇನ್ನೂ ಇದೆ. ಇದು ಕೂಡದು. ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು.

ಹಾಗಾದರೆ ತಪ್ಪು ಮಂಗನದೇ? ಮಂಗನನ್ನು ಕಟಕಟೆಗೆ ನಿಲ್ಲಿಸುವ ಮೊದಲು ಅದರ ಬಾಳುವೆಯನ್ನು ತಿಳಿಯೋಣ. ಅಂಜನಾದ್ರಿ, ಆನೆಗುಂದಿ, ಹಂಪಿಯ ಬಂಡೆಗಳಲ್ಲಿ ಎರಡು ಜಾತಿಗಳಿವೆ. ಬೈತಲೆ ತೆಗೆದು ಟೊಪ್ಪಿಗೆ ಇಟ್ಟಂತೆ ತಲೆಗೂದಲುಳ್ಳ ಕಂದು ಮಂಗ ಒಂದು. ಕರಿಮುಖದ, ಉದ್ದ ಬಾಲದ ಮುಸುವ ಇನ್ನೊಂದು. ಮುಸುವ ಮುಖ್ಯವಾಗಿ ಎಲೆ, ಚಿಗುರು, ಕಾಯಿ ತಿಂದು ಬದುಕುವ ಪ್ರಾಣಿ. ಅದರ ಹೊಟ್ಟೆ ದನದ ಹೊಟ್ಟೆಯಂತೆ ಹಲವು ಭಾಗವಾಗಿದ್ದು ಎಲೆಯನ್ನು ಹುಳಿಸಿ ಅರಗಿಸುತ್ತದೆ. ಸಿಹಿ ಬಿಸ್ಕತ್ತು, ಕರಿದ ತಿಂಡಿ ಅದಕ್ಕೆ ಒಗ್ಗುವುದಿಲ್ಲ. ಕಂದು ಮಂಗ ಹಣ್ಣು, ಕಾಳು, ಹುಳು, ಚಿಗುರು ಎಲ್ಲವನ್ನೂ ತಿನ್ನುತ್ತದೆ. ಸಿಕ್ಕದ್ದನ್ನು ದವಡೆಯ ಚೀಲಕ್ಕೆ ತುಂಬಿಕೊಂಡು ಓಡುವುದು ಅದರ ಹುಟ್ಟುಗುಣ. ಆಲ, ಅತ್ತಿ, ಬಸರಿ, ಹುಣಿಸೆ ಇದರ ಉಗ್ರಾಣ. ಹೊಟ್ಟೆಪಾಡಿಗಾಗಿ ಇಡೀ ದಿನ ಮರದಿಂದ ಮರಕ್ಕೆ ಅಲೆಯುವ ಪ್ರಾಣಿಗೆ ಮೆಟ್ಟಿಲ ಮೇಲೆ ಕುಳಿತಲ್ಲೇ ಹಣ್ಣು ಬರತೊಡಗಿದರೆ ಅದು ಏಕೆ ಅಲೆದೀತು? ಮೊದಲು ಮನುಷ್ಯನ ಅಂಜಿಕೆ ಹೋಗುತ್ತದೆ. ಅನಂತರ ಚೀಲವೆಂದರೆ ಅನ್ನವೆಂಬ ಪಾಠವಾಗುತ್ತದೆ. ಕೊನೆಗೆ, ಕೊಡದಿದ್ದರೆ ಕಸಿದುಕೊಳ್ಳುವ ಅಭ್ಯಾಸ ಬೀಳುತ್ತದೆ. ಈ ಮೂರು ಪಾಠಗಳನ್ನೂ ಹೇಳಿಕೊಟ್ಟ ಮಾಸ್ತರರು ನಾವೇ.

ಇಂಡೊನೇಷ್ಯದ ಬಾಲಿ ದ್ವೀಪದಲ್ಲಿ ಉಲುವಾಟು ಎಂಬ ದೇವಾಲಯವಿದೆ. ಅಲ್ಲಿಯ ಮಂಗಗಳು ಪ್ರವಾಸಿಗಳ ಕನ್ನಡಕ, ಫೋನುಗಳನ್ನು ಎಗರಿಸಿ, ತಿನಿಸು ಕೊಟ್ಟ ಮೇಲೆಯೇ ಹಿಂದಿರುಗಿಸುತ್ತವೆ. ವಯಸ್ಸಾದ ಮಂಗಗಳು ಜನ ಯಾವ ವಸ್ತುವಿಗೆ ಹೆಚ್ಚು ಬೆಲೆ ಕೊಡುತ್ತಾರೆಂದು ತಿಳಿದು ಅದನ್ನೇ ಆರಿಸುತ್ತವೆಂದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತು. ಬಡ್ಡಿ ವ್ಯಾಪಾರವನ್ನು ಮನುಷ್ಯನಷ್ಟೇ ಬಲ್ಲನೆಂದು ನಾವು ತಿಳಿದಿದ್ದೆವು. ಆದರೆ ಆ ವ್ಯಾಪಾರಕ್ಕೆ ಮೊದಲ ಬಂಡವಾಳ ಹಾಕಿದವರೂ ಪ್ರವಾಸಿಗಳೇ.

"ಎಲ್ಲೆಲ್ಲೂ ಮಂಗಗಳು ಹೆಚ್ಚಿವೆ" ಎಂಬ ಕೂಗು ಸಾಮಾನ್ಯ. ಲೆಕ್ಕ ಬೇರೆಯೇ ಹೇಳುತ್ತದೆ. ಈ ಟೊಪ್ಪಿಗೆಯ ಮಂಗ ದಕ್ಷಿಣ ಭಾರತ ಬಿಟ್ಟು ಜಗತ್ತಿನ ಬೇರಾವ ಕಾಡಿನಲ್ಲಿಯೂ ಇಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರೊ. ಮೇವಾ ಸಿಂಗ್ ಮತ್ತು ಸಂಗಡಿಗರು ಮೈಸೂರು ಸುತ್ತಿನ ರಸ್ತೆಗಳಲ್ಲಿ ವರ್ಷಗಟ್ಟಲೆ ಇವುಗಳನ್ನು ಎಣಿಸಿದರು. ಸುಮಾರು 25 ವರ್ಷಗಳಲ್ಲಿ ಅಲ್ಲಿ ಇವುಗಳ ಸಂಖ್ಯೆ ಶೇಕಡಾ 65ಕ್ಕಿಂತ ಹೆಚ್ಚು ಇಳಿದಿದೆಯೆಂದು 2017ರ ವರದಿ ತಿಳಿಸಿತು. ರಸ್ತೆಬದಿಯ ಸಾಲುಮರಗಳು ಹೋದದ್ದು ಒಂದು ಕಾರಣ, ಊರಿನ ಮಂಗಗಳನ್ನು ಹಿಡಿದು ಸಾಗಿಸಿದ್ದು ಮತ್ತೊಂದು. ನಮ್ಮ ಜಿಲ್ಲೆಯಲ್ಲಿಯೂ ಹೊಸಪೇಟೆಯಿಂದ ಕುಷ್ಟಗಿಯ ಮೇಲೆ ಇಳಕಲ್ಲಿಗೆ ಹೋಗುವ ಹೆದ್ದಾರಿ ಅಗಲವಾದದ್ದನ್ನು ನಾವೆಲ್ಲ ಕಂಡವರೇ. ರಸ್ತೆ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ರಸ್ತೆ ಅಗಲವಾಗುವಲ್ಲೆಲ್ಲ ಮೊದಲ ಕೊಡಲಿ ಬೀಳುವುದು ಆಲಕ್ಕೆ, ಹುಣಿಸೆಗೆ. ಮಂಗಗಳು ಹೆಚ್ಚಿಲ್ಲ, ಅವುಗಳ ಮರ ಕಡಿಮೆಯಾಗಿವೆ. ಉಳಿದವು ಜನ ಸೇರುವಲ್ಲಿಗೆ ಬಂದು ಗುಂಪಾಗಿವೆ, ಆದ್ದರಿಂದ ಹೆಚ್ಚಾಗಿ ಕಾಣುತ್ತವೆ.

ಕೈಯ ತಿನಿಸನ್ನು ನಂಬಿದ ಬಾಳು ಎಂಥದೆಂಬುದನ್ನು 2020ನೆಯ ಇಸವಿ ತೋರಿಸಿತು. ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಾಗ ಗುಡಿಗಳು ಮುಚ್ಚಿದವು, ಮೆಟ್ಟಿಲುಗಳು ಬರಿದಾದವು, ಬಾಳೆಹಣ್ಣಿನ ಗಾಡಿಗಳು ನಿಂತವು. ಎರಡು ತಿಂಗಳಿಗೂ ಮೀರಿ, ಅದೂ ಬಂಡೆಗಳು ಹೆಂಚಿನಂತೆ ಕಾಯುವ ಬೇಸಿಗೆಯಲ್ಲಿ, ಯಾತ್ರಿಕರ ಕೈಯನ್ನೇ ನಂಬಿದ ಮಂಗಗಳು ಎಲ್ಲಿಗೆ ಹೋಗಬೇಕಿತ್ತು? ಗಿರಣಿ ಕಾರ್ಮಿಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬನ ಕೃಪೆಯ ಮೇಲೆ ನಿಂತ ತುತ್ತು ಅವನ ಬಾಗಿಲು ಮುಚ್ಚಿದ ದಿನವೇ ನಿಲ್ಲುತ್ತದೆ. ದಾನ ಕೊಡುವವನಿಗೆ ಪುಣ್ಯ ಬಂದೀತು, ದಾನಕ್ಕೆ ಒಗ್ಗಿದವನ ಬಾಳು ಮಾತ್ರ ಅವನ ಕೈಯಲ್ಲಿ ಉಳಿಯದು.

ಇನ್ನು ರೈತರ ಮಾತು. ಆನೆಗುಂದಿಯ ಸುತ್ತ ಭತ್ತದ ಗದ್ದೆ, ಬಾಳೆಯ ತೋಟ. ಬೆಟ್ಟದಲ್ಲಿ ಯಾತ್ರಿಕರಿಲ್ಲದ ದಿನ ಮಂಗಗಳ ಸವಾರಿ ಅಲ್ಲಿಗೆ ಇಳಿಯುತ್ತದೆ. ಇದು ಕಿಷ್ಕಿಂಧೆಯೆಂದು ನಾವು ಹೆಮ್ಮೆಪಡುತ್ತೇವೆ. ವಾಲ್ಮೀಕಿ ರಾಮಾಯಣದಲ್ಲಿ ಸೀತೆಯ ಸುದ್ದಿ ತಂದ ಸಂಭ್ರಮದಲ್ಲಿ ಕಪಿಗಳು ಸುಗ್ರೀವನ ಮಧುವನಕ್ಕೆ ನುಗ್ಗಿ ಎಲ್ಲವನ್ನೂ ಸೂರೆಮಾಡಿದವು. ತಡೆಯಹೋದ ಕಾವಲುಗಾರ ದಧಿಮುಖ ಪೆಟ್ಟು ತಿಂದು ಅರಸನಲ್ಲಿ ದೂರು ಹೇಳಿದ. ಅರಸ ದೂರನ್ನು ಪೂರಾ ಕೇಳಿ, ಕಾರಣ ಊಹಿಸಿ, ಕಪಿಗಳನ್ನು ಮನ್ನಿಸಿದ. ತೋಟ ಅರಸನದು, ಅವನು ಮನ್ನಿಸಬಲ್ಲ. ಇಂದಿನ ದಧಿಮುಖನಾದರೋ ಒಂದೆರಡು ಎಕರೆಗೆ ಸಾಲ ತಂದ ರೈತ. ಅವನ ಗೊನೆ ಹೋದರೆ ಮನ್ನಿಸುವ ಶಕ್ತಿ ಅವನಲ್ಲಿಲ್ಲ, ದೂರು ಪೂರಾ ಕೇಳುವ ಸುಗ್ರೀವನೂ ಅವನಿಗಿಲ್ಲ.

ಇದನ್ನೆಲ್ಲ ಕೇಳಿ "ಹಾಗಾದರೆ ಹಿಡಿದು ಬಿಡಿಸುವುದೇ ಸರಿ" ಎನ್ನುವವರು ಒಂದು ಪ್ರಶ್ನೆಗೆ ಉತ್ತರ ಹೇಳಲಿ. ಎಲ್ಲಿ ಬಿಡಿಸುವುದು? ಕುಷ್ಟಗಿಯ ದಾಳಿಂಬೆ ತೋಟದ ಪಕ್ಕದಲ್ಲಿಯೇ? ಮಳೆಯನ್ನೇ ನೆಚ್ಚಿದ ಯಲಬುರ್ಗಿಯ ಶೇಂಗಾ ಹೊಲದ ಬದುವಿನಲ್ಲಿಯೇ? ಕೈ ನೋಡಿ ತಿನ್ನಲು ಕಲಿತ ಮಂಗ ಹೊಸ ಊರಿನಲ್ಲಿ ಮೊದಲು ಹುಡುಕುವುದು ಮನೆಯನ್ನು, ಅಂಗಡಿಯನ್ನು. ಗುಂಪು ಒಡೆದು ತಾಯಿ ಒಂದು ಕಡೆ, ಮರಿ ಒಂದು ಕಡೆ ಆಗುತ್ತದೆ. ಖಾಲಿಯಾದ ಬೆಟ್ಟಕ್ಕೆ, ಅಲ್ಲಿ ತಿನಿಸು ಇರುವವರೆಗೆ, ಬೇರೆ ಗುಂಪು ಬಂದೇ ಬರುತ್ತದೆ. ಒಂದು ತಾಲೂಕಿನ ತೊಂದರೆಯನ್ನು ಲಾರಿಯಲ್ಲಿ ಹೇರಿ ಇನ್ನೊಂದು ತಾಲೂಕಿನ ಬಡವನ ಬಾಗಿಲಿಗೆ ಇಳಿಸುವುದು ಆಡಳಿತವಲ್ಲ.

ನಮ್ಮ ಓದುಗರಲ್ಲಿ ಬೆಟ್ಟದ ಕೆಳಗೆ ಹಣ್ಣಿನ ಗಾಡಿ ಇಟ್ಟವರು ಇದ್ದಾರೆ. ಅವರಿಗೆ ರುಚಿಸದ ಮಾತೊಂದನ್ನು ಈಗ ಆಡಬೇಕಾಗಿದೆ. ಮಂಗನ ಕೈಗೆ ಕೊಡಲೆಂದು ಹಣ್ಣು ಮಾರುವುದು ನಿಲ್ಲಬೇಕು. ಅವರ ಹೊಟ್ಟೆಪಾಡು ನಮಗೆ ತಿಳಿಯದ್ದಲ್ಲ. ಶನಿವಾರದ ವ್ಯಾಪಾರದಲ್ಲಿ ವಾರದ ಸಂಸಾರ ನಡೆಯುತ್ತದೆ. ಆದರೆ ಮಂಗನ ದಾಳಿಗೆ ಮೊದಲು ಗುರಿಯಾಗುವುದೂ ಅದೇ ಗಾಡಿ. ಒಂದು ಕೈಯಿಂದ ಮಾರಿ ಇನ್ನೊಂದು ಕೈಯಲ್ಲಿ ಕೋಲು ಹಿಡಿದು ಕೂರುವ ವ್ಯಾಪಾರ ಎಷ್ಟು ದಿನ ನಡೆದೀತು? ನಾಳೆ ಒಂದು ದೊಡ್ಡ ಅನಾಹುತವಾದರೆ ಅಧಿಕಾರಿಗಳು ಮೊದಲು ಎತ್ತಂಗಡಿ ಮಾಡುವುದು ಮಂಗನನ್ನಲ್ಲ, ಗಾಡಿಯವನನ್ನು. ಅದಕ್ಕೆ ಮುಂಚೆ ಗಾಡಿಯವರೇ ಒಟ್ಟಾಗಿ ಒಂದು ಕಟ್ಟುಪಾಡು ಮಾಡಿಕೊಳ್ಳುವುದು ಜಾಣತನ. ಯಾತ್ರಿಕರ ಚೀಲಗಳನ್ನು ಕೆಳಗೇ ಇಟ್ಟು ಕಾಯುವ ಕಟ್ಟೆಯನ್ನು ವ್ಯಾಪಾರಿಗಳ ಸಹಕಾರ ಸಂಘವೇ ನಡೆಸಲಿ, ಅದರ ಸಂಪಾದನೆ ಸಂಘಕ್ಕೇ ಸಲ್ಲಲಿ. ಮಂಗನಿಗೆ ಮಾರುತ್ತಿದ್ದ ಹಣ್ಣಿನಿಂದ ಹೋಗುವ ಲಾಭ ಇದರಿಂದ ಬಹುಮಟ್ಟಿಗೆ ತುಂಬಿಬರುವುದೆಂದು ನಮ್ಮ ನಂಬಿಕೆ.

ಸರಕಾರಕ್ಕೂ ನಮ್ಮ ಮಾತಿದೆ. 2018ರಲ್ಲಿ ಅಂಜನಾದ್ರಿಯ ದೇವಾಲಯ ಮುಜರಾಯಿ ಇಲಾಖೆಯ ವಶಕ್ಕೆ ಬಂದಿತು. 2022ರ ಬಜೆಟ್ಟಿನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಿಸಲಾಯಿತು. ಅಭಿವೃದ್ಧಿಯೆಂದರೆ ನಮ್ಮ ಆಳುವವರಿಗೆ ಸಿಮೆಂಟು, ಕಬ್ಬಿಣ, ವಾಹನ ನಿಲ್ದಾಣ. ಯಾತ್ರಿಕರಿಗೆ ಅನುಕೂಲ ಬೇಕು, ಸರಿ. ಆದರೆ ಆ ಕೋಟಿಗಳ ಪಕ್ಕದಲ್ಲಿ ಕೆಲವು ಅಗ್ಗದ ಕೆಲಸಗಳಿಗೂ ಜಾಗ ಇರತಕ್ಕದ್ದು. ಬೆಟ್ಟದ ಬುಡದಿಂದ ನದಿಯವರೆಗೆ ಆಲ, ಅತ್ತಿ, ಬಸರಿ, ನೇರಳೆ ಸಸಿಗಳನ್ನು ನೆಡಬೇಕು, ನೆಟ್ಟ ಚಿತ್ರ ತೆಗೆಸಿಕೊಂಡು ಹೋಗದೆ ಮೂರು ಬೇಸಿಗೆ ನೀರುಣಿಸಬೇಕು. ಮೆಟ್ಟಿಲ ದಾರಿಯಿಂದ ದೂರದಲ್ಲಿ ಪ್ರಾಣಿಗಳಿಗೆ ನೀರಿನ ತೊಟ್ಟಿ ಕಟ್ಟಿಸಬೇಕು. ಮಂಗ ತೆರೆಯಲಾಗದ ಮುಚ್ಚಳದ ಕಸದ ಡಬ್ಬಿಗಳನ್ನಿಟ್ಟು ದಿನಾಲು ಬರಿದುಮಾಡಬೇಕು. ತಿನಿಸು ಕೊಡದಂತೆ ತಿಳಿಹೇಳುವ ಕಾವಲುಗಾರರನ್ನು ಸುತ್ತಲಿನ ಹಳ್ಳಿಗಳ ತರುಣರಿಂದಲೇ ನೇಮಿಸಬೇಕು. ಜನ ಹೆಚ್ಚಾಗಿ ಸೇರುವ ಶನಿವಾರಗಳಂದು, ಹನುಮಮಾಲೆಯ ದಿನಗಳಂದು ಬೆಟ್ಟದ ಕೆಳಗೆ ಚುಚ್ಚುಮದ್ದು ಸಹಿತ ಚಿಕಿತ್ಸೆಯ ಏರ್ಪಾಡು ಇರಬೇಕು. ತೋಟ ಕಳೆದುಕೊಂಡ ರೈತನಿಗೆ ಕಚೇರಿಯಿಂದ ಕಚೇರಿಗೆ ಅಲೆಸದೆ ಪರಿಹಾರ ಕೊಡಬೇಕು. ಹುಂಡಿಗೆ ಬೀಳುವ ಹಣ ಹನುಮಂತನ ಹೆಸರಿನದು. ಅದರ ಒಂದು ಪಾಲು ಅವನ ಕುಲಕ್ಕೂ, ಆ ಕುಲದಿಂದ ನಷ್ಟ ಉಂಡವರಿಗೂ ಸಲ್ಲುವುದು ನ್ಯಾಯ.

ಇದು ಆಗದ ಮಾತೆಂದು ಯಾರೂ ಹೇಳಬೇಕಿಲ್ಲ. ಯುರೋಪಿನ ತುದಿಯ ಜಿಬ್ರಾಲ್ಟರ್ ಬಂಡೆಯ ಮೇಲೂ ಕಾಡುಮಂಗಗಳಿವೆ, ಅವನ್ನು ನೋಡಲು ದೇಶದೇಶಗಳ ಜನ ಬರುತ್ತಾರೆ. ಅಲ್ಲಿ ಪ್ರವಾಸಿ ಮಂಗಕ್ಕೆ ತಿನ್ನಿಸಿದರೆ ಅದು ಅಪರಾಧ, ದಂಡ ತೆರಬೇಕು. ಹಣ್ಣು ತರಕಾರಿ, ನೀರು ಒದಗಿಸುವ ಹೊಣೆ ಆಡಳಿತದ್ದು. ಪ್ರವಾಸಿಗಳು ಬರುವುದು ಅದರಿಂದ ನಿಂತಿಲ್ಲ. ದೂರದಿಂದ ನೋಡಿದರೂ ಮಂಗ ಮಂಗವೇ. ಮರಿಯನ್ನು ಹೊಟ್ಟೆಗವುಚಿಕೊಂಡು ಬಂಡೆಯಿಂದ ಬಂಡೆಗೆ ಹಾರುವ ತಾಯಿಯನ್ನು ನೋಡುವ ಸೊಗಸು ಚೀಲ ಕಸಿಯುವ ಜಗಳದಲ್ಲಿ ಇಲ್ಲ.

ಆ ಹಮಾಲರನ್ನು ಬೆಟ್ಟದ ಕೆಳಗೆ ಮತ್ತೆ ಕಂಡೆವು. ಮಗಳ ಕೈಗೆ ಕರವಸ್ತ್ರ ಸುತ್ತಿತ್ತು. "ಮಂಗ್ಯಾಂದೇನು ತಪ್ಪೈತ್ರಿ, ಕೊಡು ಅಂದಾವ ನಾನ" ಎಂದರು. ಇಷ್ಟು ನೇರವಾಗಿ ತಪ್ಪೊಪ್ಪಿಕೊಳ್ಳುವ ಮನಸ್ಸು ದೊಡ್ಡ ಕುರ್ಚಿಗಳಲ್ಲಿ ಕಂಡುಬಂದರೆ ನಾಡಿನ ಅರ್ಧ ಕೆಲಸ ಆದಂತೆಯೇ. ಮುಂದಿನ ಶನಿವಾರ ಬೆಟ್ಟಕ್ಕೆ ಹೋಗುವ ನಮ್ಮ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ: ಬಾಳೆಹಣ್ಣನ್ನು ದೇವರಿಗೆ ಕೊಡಿರಿ, ಮಕ್ಕಳಿಗೆ ಕೊಡಿರಿ, ಏರಿ ದಣಿದ ಪಕ್ಕದವರಿಗೆ ಕೊಡಿರಿ. ಮಂಗಕ್ಕೆ ಕೊಡುವುದಿದ್ದರೆ ಒಂದು ಅತ್ತಿಯ ಸಸಿಯನ್ನು ನೆಟ್ಟು, ಬೆಳೆಸಿ ಕೊಡಿರಿ.