‘ಇಲ್ಲಿ ಸೈನ್ ಮಾಡಿ’ ಅಂದ್ರೆ ಮುಗೀತಾ? ಎಂಎಸ್ ಔಷಧ, ವೈರಸ್ ಮತ್ತು ನಮಗೆ ಹೇಳದ ಲೆಕ್ಕ

(1/6)
ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಎಂಎಸ್ ಇರುವವರಿಗೆ ನಮ್ಮಲ್ಲಿ ಎರಡು ಥರದ ಸಲಹೆ ಧಾರಾಳವಾಗಿ ಸಿಗುತ್ತೆ. ಒಂದು ವಾಟ್ಸಾಪ್ ಸಲಹೆ: “ಆ ಇಂಜೆಕ್ಷನ್ ತಗೊಂಡ್ರೆ ಮೆದುಳಿಗೆ ವೈರಸ್ ಬರುತ್ತೆ, ಬಿಟ್ಬಿಡಿ.” ಇನ್ನೊಂದು ಕೌಂಟರ್ ಸಲಹೆ: “ಏನೂ ಆಗಲ್ಲ, ಇಲ್ಲಿ ಸೈನ್ ಮಾಡಿ.” ಎರಡೂ ತಪ್ಪು. ಒಂದು ರಿಸ್ಕನ್ನು ಬೆಟ್ಟ ಮಾಡುತ್ತೆ, ಇನ್ನೊಂದು ಸೊನ್ನೆ ಮಾಡುತ್ತೆ. ನಿಜವಾದ ಸಂಖ್ಯೆಯನ್ನು ಮಾತ್ರ ಯಾರೂ ಹೇಳಲ್ಲ.

ನಾನು ಬಿಕಾಂ ಓದೋ ಹುಡುಗಿ, ಡಾಕ್ಟರ್ ಅಲ್ಲ. ಆದ್ರೆ ಲೆಕ್ಕ ಕೇಳೋಕೆ ಎಂಬಿಬಿಎಸ್ ಬೇಕಿಲ್ಲ.

(2/6)
ಎಂಎಸ್‌ನಲ್ಲಿ ನಮ್ಮದೇ ರಕ್ಷಣಾ ಕಣಗಳು ನಮ್ಮ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಮೇಲೆ ದಾಳಿ ಮಾಡ್ತವೆ. ಔಷಧ ಆ ಕಣಗಳನ್ನ ತಡೆಯುತ್ತೆ, ಇಲ್ಲಾ ಕಡಿಮೆ ಮಾಡುತ್ತೆ. ಆದ್ರೆ ಮೈಯೊಳಗೆ ವರ್ಷಗಟ್ಟಲೆ ಸುಮ್ಮನೆ ಮಲಗಿರೋ ವೈರಸ್‌ಗಳನ್ನ ಕಾಯ್ತಾ ಇದ್ದದ್ದೂ ಅವೇ ಕಣಗಳು! ಹಾಗಾಗಿ ಈ ಅಪಾಯ ಕಟ್ಟುಕಥೆಯಲ್ಲ. ಔಷಧ ಕೆಲಸ ಮಾಡುವ ರೀತಿಯಲ್ಲೇ ಅದು ಇದೆ.

(3/6)
ನಟಾಲಿಜುಮಾಬ್ ಕಥೆ ಕೇಳಿ. ನವೆಂಬರ್ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಫೆಬ್ರುವರಿ 2005ಕ್ಕೆ ಕಂಪನಿಯೇ ಮಾರಾಟ ನಿಲ್ಲಿಸ್ತು. ಕಾರಣ ಪಿಎಂಎಲ್ ಅನ್ನೋ ಮೆದುಳಿನ ಸೋಂಕು. ಇದನ್ನು ತರೋದು ಜೆಸಿ ವೈರಸ್. ಅರ್ಧಕ್ಕಿಂತ ಹೆಚ್ಚು ವಯಸ್ಕರ ಮೈಯಲ್ಲಿ ಅದು ಇರುತ್ತೆ, ಏನೂ ಮಾಡದೆ ಬಿದ್ದಿರುತ್ತೆ. ಈ ಔಷಧ ರಕ್ಷಣಾ ಕಣಗಳು ಮೆದುಳಿಗೆ ಹೋಗೋ ಬಾಗಿಲನ್ನೇ ಮುಚ್ಚುತ್ತೆ. ದಾಳಿಕೋರರು ಹೊರಗುಳೀತಾರೆ, ಕಾವಲುಗಾರರೂ ಹೊರಗುಳೀತಾರೆ. ಟ್ರಯಲ್‌ಗಳಲ್ಲಿ ಔಷಧ ಪಡೆದ ಸುಮಾರು 3,000 ಜನರನ್ನ ಮತ್ತೆ ಪರೀಕ್ಷಿಸಿದಾಗ ಸಿಕ್ಕ ಪಿಎಂಎಲ್ ಪ್ರಕರಣ ಒಟ್ಟು 3. ಇಬ್ಬರು ತೀರಿಕೊಂಡರು.

ಮುಂದಿನದು ಮುಖ್ಯ. ಮಾರ್ಚ್ 2006ರಲ್ಲಿ ಎಫ್‌ಡಿಎ ಸಲಹಾ ಸಮಿತಿ ಮುಂದೆ ಎಂಎಸ್ ರೋಗಿಗಳೇ ಬಂದು ನಿಂತು “ಆ ಔಷಧ ನಮಗೆ ವಾಪಸ್ ಕೊಡಿ” ಅಂತ ಕೇಳಿದರು. ಸಾವಿನ ಸುದ್ದಿ ಗೊತ್ತಿದ್ದೂ ಕೇಳಿದರು. ಜೂನ್ 2006ರಲ್ಲಿ ಅದು ಮರಳಿ ಬಂತು. ಜೊತೆಗೆ ಷರತ್ತು: ಪ್ರತಿ ರೋಗಿಯ ನೋಂದಣಿ, ಪ್ರತಿ ರೋಗಿಯ ಮೇಲೆ ನಿಗಾ.

(4/6)
ಈಗ ಲೆಕ್ಕ. 3,000ಕ್ಕೆ 3, ಅಂದ್ರೆ 1,000ಕ್ಕೆ 1. ಇದು ಸರಾಸರಿ. ಹೊಳೆಯ ಸರಾಸರಿ ಆಳ ಮೊಣಕಾಲುದ್ದ ಅಂತ ಕೇಳಿ ಇಳಿದವನು ನಡುವಲ್ಲಿ ಮುಳುಗ್ತಾನೆ. 2012ರ ಹೊತ್ತಿಗೆ ಜೆಸಿ ವೈರಸ್ ಆಂಟಿಬಾಡಿ ಟೆಸ್ಟ್ ಬಂತು, ಸರಾಸರಿ ಒಡೀತು. ಟೆಸ್ಟ್ ನೆಗೆಟಿವ್ ಇದ್ದರೆ ಅಪಾಯ 10,000ಕ್ಕೆ ಸುಮಾರು 1, ಇಲ್ಲಾ ಇನ್ನೂ ಕಡಿಮೆ. ಪಾಸಿಟಿವ್ ಇದ್ದು, ಹಿಂದೆ ಬೇರೆ ಇಮ್ಯೂನಿಟಿ ತಗ್ಗಿಸೋ ಔಷಧ ತಗೊಂಡಿದ್ದು, ಇದನ್ನೂ 2 ವರ್ಷ ದಾಟಿಸಿದ್ದರೆ 1,000ಕ್ಕೆ ಸುಮಾರು 11. ಅದೇ ಔಷಧ, ಅದೇ ರೋಗ, ನೂರು ಪಟ್ಟಿಗೂ ಮೀರಿದ ವ್ಯತ್ಯಾಸ! ಇದರಲ್ಲಿ ನಾನು ಎಲ್ಲಿದ್ದೀನಿ ಅಂತ ತಿಳಿಯದೆ ಹಾಕಿದ ಸಹಿಗೆ ಏನು ಬೆಲೆ?

(5/6)
ನಮ್ಮ ಕಡೆ ಖರ್ಚು ಕಡಿಮೆ ಅಂತ ಎಂಎಸ್‌ಗೆ ರಿಟುಕ್ಸಿಮಾಬ್ ಕೊಡೋದು ಹೆಚ್ಚು. ಅದರಲ್ಲಿ ನೋಡಬೇಕಾದ ವೈರಸ್ ಹೆಪಟೈಟಿಸ್ ಬಿ. ಎಂದೋ ಬಂದು ಹೋದ ಸೋಂಕು ಮತ್ತೆ ಎದ್ದು ಲಿವರ್ ಕೆಡಿಸಬಹುದು ಅಂತ 2013ರಲ್ಲೇ ಎಫ್‌ಡಿಎ ಎಚ್ಚರಿಕೆಯನ್ನ ಇನ್ನಷ್ಟು ಬಿಗಿ ಮಾಡಿದೆ. ರಕ್ತ ಪರೀಕ್ಷೆ ಮಾಡಿದರೆ ಮೊದಲೇ ತಿಳಿಯುತ್ತೆ. ಫಿಂಗೋಲಿಮೋಡ್ ಆದರೆ ಚಿಕನ್‌ಪಾಕ್ಸ್‌ನ ವೈರಸ್. ನಮ್ಮಂಥ ಬಿಸಿ ದೇಶಗಳಲ್ಲಿ ಅದು ಬಾರದೆಯೇ ದೊಡ್ಡವರಾದವರು ಬಹಳ. ಲಸಿಕೆ ಬೇಕಿದ್ದರೆ ಮಾತ್ರೆ ಶುರು ಮಾಡೋಕೆ ಒಂದು ತಿಂಗಳು ಮೊದಲೇ ಹಾಕಿಸ್ಕೋಬೇಕು.

ನಮ್ಮ ಚಿಕ್ಕಮ್ಮನಿಗೆ ಎಂಎಸ್ ಇದೆ. ಅವರಿಗೆ ಟೆಸ್ಟ್ ಮಾಡಿದ್ರು, ಇಲ್ಲ ಅನ್ನಲ್ಲ. ಆದ್ರೆ ಯಾವ ಟೆಸ್ಟ್, ಯಾಕೆ, ರಿಸಲ್ಟ್ ಏನು? ಉತ್ತರ ಇಲ್ಲ. ಕೈಗೆ ಬಂದದ್ದು ಇಂಗ್ಲಿಷ್ ಫಾರ್ಮ್, ಒಂದು ಪೆನ್. ಅವರು ಓದಿದ್ದು ಕನ್ನಡ ಮೀಡಿಯಂ.

“ಎಲ್ಲ ಹೇಳಿದ್ರೆ ಹೆದರಿ ಔಷಧ ಬಿಡ್ತಾರೆ” ಅಂತೀರಾ? 2006ರ ರೋಗಿಗಳನ್ನ ನೋಡಿ. ಪೂರ್ತಿ ಗೊತ್ತಿದ್ದವರೇ ಔಷಧ ಕೇಳಿದ್ದು. ಬಿಟ್ಟು ಓಡೋರು ಅರ್ಧಂಬರ್ಧ ಗೊತ್ತಿದ್ದವರು, ಅದೂ ಫಾರ್ವರ್ಡ್ ಮೆಸೇಜಿಂದ. “ಓಪಿಡಿಯಲ್ಲಿ ಟೈಮ್ ಇಲ್ಲ” ಅಂತೀರಾ? ನಿಜ, ಆ ಕ್ಯೂ ನಾನೂ ನಿಂತಿದ್ದೀನಿ. ಹಾಗಾದ್ರೆ ಕನ್ನಡದಲ್ಲಿ ಒಂದೇ ಒಂದು ಪುಟ ಪ್ರಿಂಟ್ ಮಾಡಿ ಕೊಡಿ. ಲಕ್ಷದ ಬಿಲ್ಲಿಗೆ ಇದೇನು ಭಾರ ಅಲ್ಲ.

(6/6)
ಸೇವ್ ಮಾಡ್ಕೊಳ್ಳಿ, ಮುಂದಿನ ಸಲ ಕೇಳಿ:
1. ಈ ಔಷಧದಲ್ಲಿ ಯಾವ ವೈರಸ್ ಬಗ್ಗೆ ಎಚ್ಚರ ಬೇಕು?
2. ನನಗೆ ಯಾವ ಟೆಸ್ಟ್ ಆಗಿದೆ, ರಿಸಲ್ಟ್ ಏನು, ಮತ್ತೆ ಯಾವಾಗ?
3. ಶುರು ಮಾಡೋ ಮೊದಲು ಯಾವ ಲಸಿಕೆ?
4. ಮಾತು ತೊದಲಿದರೆ, ಕಣ್ಣು ಮಂಜಾದರೆ, ಸ್ವಭಾವ ಬದಲಾದರೆ, ಕಾಮಾಲೆ ಅಥವಾ ಗುಳ್ಳೆ ಕಂಡರೆ ಯಾರಿಗೆ ಫೋನ್ ಮಾಡಬೇಕು?

ಇದನ್ನ ಓದಿ ಔಷಧ ಮಾತ್ರ ನೀವೇ ನಿಲ್ಲಿಸಬೇಡಿ, ಪ್ಲೀಸ್. ನಟಾಲಿಜುಮಾಬ್, ಫಿಂಗೋಲಿಮೋಡ್ ದಿಢೀರ್ ಬಿಟ್ಟರೆ ಎಂಎಸ್ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ನಿಲ್ಲಿಸೋದಾದ್ರೂ ನಿಮ್ಮ ನ್ಯೂರಾಲಜಿಸ್ಟ್ ಜೊತೆ ಕೂತೇ.

ಸಹಿ ಹಾಕಿ. ಆದ್ರೆ ಈ ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಹಾಕಿ. ಎಂಎಸ್ ಇರುವ ಯಾರಾದ್ರೂ ಗೊತ್ತಿದ್ರೆ ಕಳಿಸಿ.

#ಎಂಎಸ್ #ಲೆಕ್ಕಕೇಳಿ #ಕನ್ನಡದಲ್ಲಿಆರೋಗ್ಯ